ಮಲೆನಾಡಿನ ಮಳೆಗೂ ಆರ್‌ಸಿಸಿಬಿ ನಿಲ್ಲುತ್ತೆ: ನಮ್ಮನೆ ಅರ್ತಿಂಗ್ ಸರಿಮಾಡಿದ ಅನುಭವ

"ಮಾರಾಯ್ರೇ, ನಮ್ಮ ಕಡೆ ಮಳೆಗೆ ಅದೆಲ್ಲ ನಿಲ್ಲೋದಲ್ಲ. ತೆಗೆದು ಡೈರೆಕ್ಟ್ ಕೊಟ್ಟುಬಿಡ್ತೀನಿ." ವೈರಿಂಗ್‌ನವರು ಹೀಗೆ ಹೇಳಿ ನಮ್ಮನೆಯ ಆರ್‌ಸಿಸಿಬಿ (ಹೋದ ಕರೆಂಟು ಪೂರ್ತಿ ವಾಪಸ್ ಬರದೆ ಎಲ್ಲಾದರೂ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್ಚು) ಬೈಪಾಸ್ ಮಾಡಿ ಹೋಗಿದ್ದು ಐದು ವರ್ಷದ ಹಿಂದಿನ ಆಷಾಢದಲ್ಲಿ. ಮರುವರ್ಷ ಬಚ್ಚಲಲ್ಲಿ ವಾಷಿಂಗ್ ಮಷೀನ್ ಮುಟ್ಟಿದ ಅಮ್ಮನಿಗೆ ಶಾಕ್ ಹೊಡೆದು ಎರಡು ದಿನ ತೋಳು ಎತ್ತೋಕಾಗಲಿಲ್ಲ. ಇನ್ನೊಬ್ಬರನ್ನು ನಂಬಿ ಕೂರಬಾರದು ಅಂತ ಅವತ್ತೇ ನಿರ್ಧರಿಸಿದೆ. ಈಗ 30 ಮಿಲಿಆಂಪು ಸೋರಿದರೂ ಬೀಳುವ ಆರ್‌ಸಿಸಿಬಿಯನ್ನೇ ಹಾಕಿ ಎರಡು ಮಳೆಗಾಲ ಕಳೆದಿದೆ, ಸುಮ್ಮಸುಮ್ಮನೆ ಒಮ್ಮೆಯೂ ಬಿದ್ದಿಲ್ಲ. ತೀರ್ಥಹಳ್ಳಿ ಕಡೆಯ ಮಳೆ ಕಂಡವರಿಗೆ ಇದು ಸಣ್ಣ ಮಾತಲ್ಲ ಅಂತ ಗೊತ್ತು.

ಮೊದಲು ಎಡವಿದ್ದು ಅರ್ತಿಂಗ್‌ನಲ್ಲಿ. ಮನೆ ಹಿಂದಿನ ದರೆ ಪಕ್ಕ ಎಂಟಡಿ ಜಿಐ ಪೈಪ್, ಇದ್ದಿಲು, ಉಪ್ಪು. ಜಂಬಿಟ್ಟಿಗೆ ನೆಲ, ಗುಂಡಿ ತೋಡೋಕೇ ಇಬ್ಬರಿಗೆ ಎರಡು ದಿನ ಹಿಡಿಯಿತು. ಆರು ಸಾವಿರದ ಹತ್ತಿರ ಖರ್ಚು. ಅರ್ತಿಂಗ್‌ನ ರೋಧ (ಕಮ್ಮಿ ಇದ್ದಷ್ಟೂ ಒಳ್ಳೇದು) ಮಳೆಗಾಲದಲ್ಲಿ ಎಂಟೋ ಒಂಬತ್ತೋ ಓಮ್ ತೋರಿಸ್ತಿತ್ತು, ಏಪ್ರಿಲ್‌ನಲ್ಲಿ ಅಳೆದರೆ 40. ಅಂದರೆ ಮಷೀನಿನ ಮೈಗೆ ಫೇಸು ತಗುಲಿದರೂ 230 ವೋಲ್ಟಿಗೆ ಆರು ಆಂಪೂ ನೆಲಕ್ಕೆ ಹರಿಯಲ್ಲ. 16 ಆಂಪಿನ ಎಂಸಿಬಿ (ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚು) ಜಪ್ಪಯ್ಯ ಅಂದರೂ ಬೀಳಲ್ಲ, ಮಷೀನಿನ ಮೈಯಲ್ಲಿ ಕರೆಂಟು ಹಾಗೇ ಕೂತಿರುತ್ತೆ. ಮತ್ತೆ ಉಪ್ಪು ಸುರಿದೆ, ದಿನಾ ನಾಲ್ಕು ಕೊಡ ನೀರು ಹೊಯ್ದೆ, ಹದಿನೈದಕ್ಕೆ ಇಳಿಯಿತು. ಮುಂದಿನ ಮಳೆಗೆ ಉಪ್ಪೆಲ್ಲ ತೊಳೆದುಹೋಗಿ ಪೈಪಿಗೆ ತುಕ್ಕು ಹಿಡಿದಿದ್ದೊಂದೇ ಲಾಭ.

ಎರಡನೇ ಸಲ ಜಾಗವನ್ನೇ ಬದಲಿಸಿದೆ. ಬಚ್ಚಲ ನೀರು ಹೋಗುವ ತೋಟದ ಅಂಚು, ಬೇಸಿಗೆಯಲ್ಲೂ ತೇವ ಆರದ ಜೇಡಿಮಣ್ಣು. ಮನೆಯಿಂದ ಅರವತ್ತು ಅಡಿಯಾದರೂ ಇದೆ. "ಅಷ್ಟು ದೂರ ಅರ್ತಿಂಗಾ?" ಅಂತ ನಕ್ಕವರು ಬೇಕಾದಷ್ಟು ಜನ. ಎರಡು ಪೈಪ್, ನಡುವೆ ಹತ್ತಡಿ, ಉಪ್ಪಿನ ಬದಲು ಬೆಂಟೊನೈಟ್ (ತೇವ ಹಿಡಿದಿಡುವ ಒಂದು ಜೇಡಿಪುಡಿ), ಮನೆವರೆಗೂ ಜಿಐ ಪಟ್ಟಿ. ಬೆಂಟೊನೈಟ್ ಜೊತೆ ಇನ್ನೊಂದು ಸೇರಿಸಿದ್ದೀನಿ, ಅದು ನನ್ನ ಹತ್ತಿರವೇ ಇರಲಿ. 14 ಸಾವಿರ ಹೋಯಿತು. ಮೇ ತಿಂಗಳಲ್ಲಿ ಮೂರು ಓಮ್ ಚಿಲ್ಲರೆ!

ಖುಷಿಯಲ್ಲಿ ಆರ್‌ಸಿಸಿಬಿ ಮತ್ತೆ ಹಾಕಿದೆ. ಹತ್ತೇ ನಿಮಿಷಕ್ಕೆ ಬಿತ್ತು. ಮೇನ್ ತೆಗೆದು, ಒಂದೊಂದೇ ಲೈನಿನ ಫೇಸು, ನ್ಯೂಟ್ರಲ್ ಎರಡೂ ಬಿಡಿಸಿ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರು) ಹಿಡಿದು ಕೂತೆ. ನಾಲ್ಕು ದಿನ ಬೇಕಾಯಿತು. ದೇವರ ಕೋಣೆ ಪಕ್ಕದ ಸಾಕೆಟ್ಟಿಗೆ ಹಿಂದೆ ಯಾರೋ ಅರ್ತ್ ವೈರನ್ನೇ ನ್ಯೂಟ್ರಲ್ ಮಾಡಿ ಕೊಟ್ಟಿದ್ದರು. ಅದಕ್ಕೆ ಏನು ಸಿಕ್ಕಿಸಿದರೂ ಬೀಳಲೇಬೇಕು, ಮಳೆಯದೇನು ತಪ್ಪು? ಇನ್ನೊಂದು ಕಳ್ಳ ಜಗುಲಿಯ ಬೋರ್ಡು. ಇರಚಲು ಹೊಡೆಯುವ ಪಡುಗೋಡೆಯಲ್ಲಿತ್ತು. ಸ್ಕ್ರೂ ಬಿಚ್ಚಿದರೆ ಒಳಗೆ ಪೂರ್ತಿ ಇರುವೆ ಗೂಡು, ಟರ್ಮಿನಲ್ಲಿಗೆ ಮೆತ್ತಿದ ಹಸಿ ಮಣ್ಣು, ಅದರಲ್ಲಿ ಬಿಳಿ ಮೊಟ್ಟೆ, ತಾಮ್ರದ ತುದಿ ಹಸಿರುಗಟ್ಟಿತ್ತು. ಆ ಬೋರ್ಡನ್ನು ಒಳಗೋಡೆಗೆ ತಂದೆ.

ಇರುವೆಗೆ ಸೀಮೆಸುಣ್ಣ ಎಳೆದು ನೋಡಿದೆ, ತಿಂಗಳೂ ತಡೆಯಲಿಲ್ಲ. ಬೇವಿನೆಣ್ಣೆ ಬಟ್ಟೆ ಕಟ್ಟಿದೆ, ಅದೂ ಅಷ್ಟೇ. ಕೊನೆಗೆ ಬೋರ್ಡಿಗೆ ವೈರು ಬರುವ ಪೈಪಿನ ಬಾಯಿಗೆ ಎಂ-ಸೀಲ್ ಮೆತ್ತಿದ ಮೇಲೆ ನಿಂತಿತು.

ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇಡೋದನ್ನೂ ಬಿಟ್ಟೆ. ಬಚ್ಚಲು-ಅಡುಗೆಮನೆಗೆ ಒಂದು, ಕೋಣೆಗಳಿಗೆ ಒಂದು, ಅಂಗಳ ಮತ್ತು ಪಂಪಿಗೆ ಒಂದು, ಮೂರಕ್ಕೂ ನ್ಯೂಟ್ರಲ್ ಬೇರೆಬೇರೆ. ಒಂದಕ್ಕೆ ಎರಡು ಸಾವಿರದಂತೆ ಆರು, ವೈರು-ಕೂಲಿ ಏಳೆಂಟು ಸಾವಿರ. ಮೊದಲ ಗುಂಡಿಯ ದುಡ್ಡೂ ಸೇರಿ ಮೂವತ್ತೈದರ ಒಳಗೇ ಮುಗಿಯಿತು.

ಪ್ರತಿ ಅಮಾವಾಸ್ಯೆಗೆ ಟೆಸ್ಟ್ ಬಟನ್ ಒತ್ತುತ್ತೀನಿ. ಈ ಮಳೆಗಾಲದಲ್ಲಿ ಎರಡೇ ಸಲ ಬಿದ್ದಿದ್ದು. ಒಮ್ಮೆ ಪಂಪಿನ ಜಾಯಿಂಟಿಗೆ ನೀರು ನುಗ್ಗಿತ್ತು. ಇನ್ನೊಮ್ಮೆ ಅಡುಗೆಮನೆಯದು ಬಿದ್ದಾಗ ನಾನು ತೋಟದಲ್ಲಿದ್ದೆ. ಬರುವಷ್ಟರಲ್ಲಿ ಅಮ್ಮ ಮಿಕ್ಸಿ ಪ್ಲಗ್ ಕಿತ್ತು, ಅಡಿ ಒದ್ದೆಯಾಗಿದ್ದನ್ನು ಒರೆಸಿ ಬಿಸಿಲಿಗೆ ಇಟ್ಟಾಗಿತ್ತು.