ದಿನ ಎಣಿಸಿ, ಉಸಿರು ಎಣಿಸಿ: ಉಸಿರಿನಿಂದ ಹರಡುವ ವೈರಸ್ ಸೋಂಕನ್ನು ಮನೆಯಲ್ಲಿ ನಿಭಾಯಿಸುವುದು ಹೇಗೆ?

ಮನೆಯಲ್ಲಿ ಯಾರಿಗಾದರೂ ಮೂಗು ಸೋರತೊಡಗಿತೆಂದರೆ, ಔಷಧದ ಡಬ್ಬಿ ತೆರೆಯುವ ಮುನ್ನ ಒಂದು ಹಾಳೆ ತೆಗೆದುಕೊಳ್ಳಿ. ಮೇಲ್ಗಡೆ ದಿನಾಂಕ ಬರೆದು ಪಕ್ಕದಲ್ಲಿ ‘ದಿನ 1’ ಎಂದು ನಮೂದಿಸಿ. ನೆಗಡಿ, ಫ್ಲೂ, ಕೋವಿಡ್, ದಡಾರ, ಸೀತಾಳೆ ಸಿಡುಬು, ಮಂಗನಬಾವು ಎಲ್ಲವೂ ಉಸಿರಿನ ದಾರಿಯಲ್ಲೇ ಬರುವ ವೈರಸ್ ಕಾಯಿಲೆಗಳು. ಆದರೆ ಪ್ರತಿಯೊಂದಕ್ಕೂ ಅದರದೇ ದಿನಚರಿಯಿದೆ. ಯಾವಾಗ ಜೋರಾಗುತ್ತದೆ, ಎಷ್ಟು ದಿನ ಪಕ್ಕದವರಿಗೆ ಅಂಟುತ್ತದೆ, ಯಾವಾಗ ಆಸ್ಪತ್ರೆಗೆ ಓಡಬೇಕು ಎಂಬುದೆಲ್ಲ ಈ ಲೆಕ್ಕದ ಮೇಲೆ ನಿಂತಿದೆ. ‘ಜ್ವರ ಯಾವಾಗ ಶುರುವಾಯಿತು?’ ಎಂದು ವೈದ್ಯರು ಕೇಳಿದಾಗ ‘ಮೊನ್ನೆ ಇರಬೇಕು, ಅಲ್ಲ, ಅದರ ಹಿಂದಿನ ದಿನ’ ಎಂದು ತಡವರಿಸುವುದು ನಮ್ಮೆಲ್ಲರ ಅಭ್ಯಾಸ. ಹಾಳೆ ಇದ್ದರೆ ಆ ತಾಪತ್ರಯವಿಲ್ಲ.

ಅದರಲ್ಲಿ ಮೂರು ಸಂಗತಿ ಸಾಕು: ಗಂಟೆಯ ಸಮೇತ ಜ್ವರದ ಅಂಕಿ, ಕೊಟ್ಟ ಔಷಧದ ಹೆಸರು ಮತ್ತು ಪ್ರಮಾಣ, ಹೊಸದಾಗಿ ಕಂಡ ಲಕ್ಷಣ.

ಮೊದಲ ಹೆಜ್ಜೆ: ಯಾವುದಿರಬಹುದು ಎಂದು ಅಂದಾಜಿಸಿ

ನೆಗಡಿ ಕಳ್ಳನಂತೆ ಬರುತ್ತದೆ. ಮೊದಲು ಗಂಟಲು ಕೆರೆತ, ಮರುದಿನ ಸೀನು, ಆಮೇಲೆ ಮೂಗು ಕಟ್ಟುವುದು, ಕೊನೆಗೆ ಕೆಮ್ಮು. ಎರಡು ಮೂರನೇ ದಿನ ಜೋರಾಗಿ, ಏಳರಿಂದ ಹತ್ತು ದಿನದೊಳಗೆ ಇಳಿಯುತ್ತದೆ. ಇದಕ್ಕೆ ಹೆಚ್ಚಾಗಿ ಕಾರಣ ರೈನೋವೈರಸ್. ಅದರಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಒಂದು ಬಗೆಯ ವಿರುದ್ಧ ದೇಹ ಪಳಗುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ನೆಗಡಿಗೆ ಇನ್ನೂ ಲಸಿಕೆ ಬಾರದಿರುವುದಕ್ಕೆ ಇದೂ ಒಂದು ಕಾರಣ.

ಫ್ಲೂ ಹಾಗಲ್ಲ, ಅದು ಬಾಗಿಲು ಒದ್ದುಕೊಂಡು ಬರುತ್ತದೆ. ಮಧ್ಯಾಹ್ನ ಚೆನ್ನಾಗಿ ಓಡಾಡಿಕೊಂಡಿದ್ದವರು ಸಂಜೆಗೆ ಹಾಸಿಗೆ ಹಿಡಿದಿರುತ್ತಾರೆ. ಚಳಿ, ಹೆಚ್ಚು ಜ್ವರ, ಮೈಕೈ ನೋವು, ತಲೆನೋವು ಒಟ್ಟಿಗೇ ಮುತ್ತುತ್ತವೆ. ಯಾವ ಗಂಟೆಗೆ ಶುರುವಾಯಿತೆಂದು ರೋಗಿಯೇ ಹೇಳಬಲ್ಲರೆಂದರೆ ಫ್ಲೂ ಎಂದು ಶಂಕಿಸಬಹುದು. ಕೋವಿಡ್ ಮಾತ್ರ ಎರಡರ ವೇಷವನ್ನೂ ಹಾಕಬಲ್ಲದು. ಲಕ್ಷಣ ನೋಡಿ ಅದನ್ನು ಗುರುತಿಸಹೊರಡುವುದು ವ್ಯರ್ಥ, ಪರೀಕ್ಷೆಯೇ ದಾರಿ. ಮನೆಯಲ್ಲಿ ಮಾಡುವ ಆ್ಯಂಟಿಜನ್ ಪರೀಕ್ಷೆ ನೆಗೆಟಿವ್ ಬಂದರೆ 48 ಗಂಟೆ ಬಿಟ್ಟು ಮತ್ತೊಮ್ಮೆ ಮಾಡಿ.

ಎಳೆ ಮಕ್ಕಳಿರುವ ಮನೆಯವರು ಆರ್‌ಎಸ್‌ವಿ ಎಂಬ ಹೆಸರನ್ನೂ ನೆನಪಿಡಬೇಕು. ದೊಡ್ಡವರಿಗೆ ಬರೀ ನೆಗಡಿ ತರುವ ಈ ವೈರಸ್, ಹಸುಗೂಸಿನ ಕಿರಿದಾದ ಶ್ವಾಸನಾಳಗಳು ಊದಿ ಕಫದಿಂದ ಕಟ್ಟಿಕೊಳ್ಳುವಂತೆ ಮಾಡುತ್ತದೆ. ದೊಡ್ಡವರ ‘ಸುಮ್ಮನೆ ಒಂದು ಶೀತ’ವನ್ನು ತೊಟ್ಟಿಲಿನ ಹತ್ತಿರ ಒಯ್ಯಬಾರದು ಎನ್ನುವುದು ಅದಕ್ಕೇ.

ಮೈಮೇಲೆ ದದ್ದು ಬರುವ ಕಾಯಿಲೆಗಳಲ್ಲಿ ದಡಾರ ಎಲ್ಲಕ್ಕಿಂತ ಗಂಭೀರ. ದದ್ದು ಏಳುವ ಮೂರು ನಾಲ್ಕು ದಿನ ಮೊದಲೇ ಜ್ವರ, ಕೆಮ್ಮು, ಸೋರುವ ಮೂಗು, ಕೆಂಪು ಕಣ್ಣು ಕಾಣಿಸಿಕೊಳ್ಳುತ್ತವೆ. ಆಗ ಮಗುವಿನ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದರೆ, ದವಡೆ ಹಲ್ಲಿನ ಎದುರು ಕೆನ್ನೆಯ ಒಳಭಾಗದಲ್ಲಿ ಉಪ್ಪಿನ ಹರಳು ಚೆಲ್ಲಿದಂತೆ ಸಣ್ಣ ಬಿಳಿ ಚುಕ್ಕೆಗಳು ಕಾಣಬಹುದು. ದದ್ದು ಹಣೆಯ ಕೂದಲಂಚಿನಲ್ಲಿ, ಕಿವಿಯ ಹಿಂದೆ ಹುಟ್ಟಿ ಕೆಳಕ್ಕೆ ಇಳಿಯುತ್ತದೆ. ಸೀತಾಳೆ ಸಿಡುಬಿನ ಗುರುತು ಬೇರೆ. ಅಲ್ಲಿ ಒಂದೇ ಜಾಗದಲ್ಲಿ ಕೆಂಪು ಚುಕ್ಕೆ, ನೀರು ತುಂಬಿದ ಗುಳ್ಳೆ, ಒಣಗಿದ ಹಕ್ಕಳೆ ಮೂರೂ ಒಟ್ಟಿಗೆ ಇರುತ್ತವೆ, ತುರಿಕೆ ವಿಪರೀತ. ಮಂಗನಬಾವಿನಲ್ಲಿ ಕಿವಿಯ ಕೆಳಗೆ ಊತ ಬಂದು ದವಡೆಯ ಮೂಲೆಯೇ ಮಾಯವಾಗುತ್ತದೆ, ಅಗಿದರೆ ನೋವು.

ದದ್ದು ತರುವ ಇನ್ನೊಂದು ವೈರಸ್ ಕಾಯಿಲೆ ರುಬೆಲ್ಲಾ ನೋಡಲು ಸೌಮ್ಯ. ಆದರೆ ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ತಗಲಿದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಕುತ್ತು. 1941ರಲ್ಲಿ ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್, ಕಣ್ಣಿನ ಪೊರೆಯೊಂದಿಗೆ ಹುಟ್ಟಿದ ಶಿಶುಗಳ ತಾಯಂದಿರನ್ನು ವಿಚಾರಿಸಿ ಈ ನಂಟನ್ನು ಪತ್ತೆ ಮಾಡಿದರು. ಆದ್ದರಿಂದ ದದ್ದು ಎದ್ದ ಮಗು ಮನೆಯಲ್ಲಿದ್ದರೆ ಗರ್ಭಿಣಿಯರು ದೂರವಿರಬೇಕು. ಆಗಲೇ ಒಡನಾಡಿದ್ದರೆ ವೈದ್ಯರಿಗೆ ತಿಳಿಸಬೇಕು.

ಎರಡನೇ ಹೆಜ್ಜೆ: ಗಾಳಿಗೆ ದಾರಿ ಬಿಡಿ

ಕೆಮ್ಮಿದಾಗ ಸಿಡಿಯುವ ದಪ್ಪ ಹನಿಗಳು ಹತ್ತಿರದಲ್ಲೇ ಬೀಳುತ್ತವೆ. ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳು ಮಾತಾಡುವಾಗ, ಸುಮ್ಮನೆ ಉಸಿರಾಡುವಾಗಲೂ ಹೊರಬಿದ್ದು ತೇಲುತ್ತಿರುತ್ತವೆ. ಮುಚ್ಚಿದ ಕೋಣೆಯಲ್ಲಿ ಒಬ್ಬರು ಸಿಗರೇಟು ಸೇದಿದರೆ ಆ ವಾಸನೆ ಎಲ್ಲೆಲ್ಲಿ ತಲುಪೀತು, ಎಷ್ಟು ಹೊತ್ತು ಉಳಿದೀತು ಎಂದು ಊಹಿಸಿಕೊಳ್ಳಿ, ಅಂದಾಜು ಸಿಗುತ್ತದೆ. ದಡಾರದ ವೈರಸ್ ರೋಗಿ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು.

ಹಾಗಾಗಿ ಎದುರುಬದುರಿನ ಎರಡು ಕಿಟಕಿ ತೆರೆಯಿರಿ. ಒಂದನ್ನೇ ತೆರೆದರೆ ಗಾಳಿ ಇಣುಕಿ ನೋಡುತ್ತದೆ, ಎರಡು ತೆರೆದರೆ ಹಾದುಹೋಗುತ್ತದೆ. ಮನೆಗಳಲ್ಲಿರುವ ಸಾಮಾನ್ಯ ಎ.ಸಿ. ಅದೇ ಗಾಳಿಯನ್ನು ತಂಪು ಮಾಡಿ ತಿರುಗಿಸುತ್ತದೆ, ಅದನ್ನು ನಂಬಬೇಡಿ.

ಮಾಸ್ಕನ್ನು ರೋಗಿಯೂ ಹಾಕಿಕೊಳ್ಳಲಿ, ಆರೈಕೆ ಮಾಡುವವರೂ ಹಾಕಿಕೊಳ್ಳಲಿ. ಕನ್ನಡಕ ಹಾಕುವವರಿಗೊಂದು ಸುಲಭ ಪರೀಕ್ಷೆ: ಉಸಿರು ಬಿಟ್ಟಾಗ ಗಾಜು ಮಂಜಾಯಿತೆಂದರೆ ಮೂಗಿನ ಮೇಲೆ ಸಂದಿಯಿದೆ ಎಂದರ್ಥ. ತಂತಿಯನ್ನು ಮತ್ತೆ ಒತ್ತಿ ಕೂರಿಸಿ. ಕೈಯನ್ನು ಸೋಪು ಹಚ್ಚಿ 20 ಸೆಕೆಂಡು ಉಜ್ಜಿ ತೊಳೆಯಿರಿ. ಫ್ಲೂ, ಕೋವಿಡ್ ವೈರಸ್‌ಗಳಿಗೆ ಜಿಡ್ಡಿನ ಹೊದಿಕೆಯಿದೆ, ಸೋಪು ಅದನ್ನು ಹರಿದುಹಾಕುತ್ತದೆ. ರೈನೋವೈರಸ್ಸಿಗೆ ಅಂಥ ಹೊದಿಕೆಯಿಲ್ಲ, ಆದ್ದರಿಂದ ಸ್ಯಾನಿಟೈಸರ್ ಅದರ ಮೇಲೆ ಅಷ್ಟಾಗಿ ನಡೆಯದು. ನೆಗಡಿಯಾದ ಮನೆಯಲ್ಲಿ ನಲ್ಲಿಯ ನೀರೇ ವಾಸಿ.

ಇನ್ನು ಎಷ್ಟು ದಿನ ದೂರವಿರಬೇಕು? ಈಗ ಹಾಳೆ ನೋಡಿ. ಫ್ಲೂ ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ಹರಡುತ್ತದೆ, ಆಮೇಲೆ ಐದರಿಂದ ಏಳು ದಿನ. ದಡಾರ ದದ್ದು ಏಳುವ ನಾಲ್ಕು ದಿನ ಮೊದಲಿನಿಂದ ನಾಲ್ಕು ದಿನ ನಂತರದವರೆಗೆ. ಸೀತಾಳೆ ಸಿಡುಬು ಒಂದೆರಡು ದಿನ ಮೊದಲಿನಿಂದ, ಕೊನೆಯ ಗುಳ್ಳೆಯೂ ಹಕ್ಕಳೆಗಟ್ಟುವವರೆಗೆ. ಮಂಗನಬಾವಿಗೆ ಊತ ಬಂದು ಐದು ದಿನ. ನೆಗಡಿ, ಫ್ಲೂ, ಕೋವಿಡ್‌ಗೆ ಕನಿಷ್ಠ ನಿಯಮ ಹೀಗೆ: ಜ್ವರದ ಮಾತ್ರೆ ಇಲ್ಲದೆಯೇ 24 ಗಂಟೆ ಜ್ವರ ಬಂದಿರಬಾರದು, ಉಳಿದ ಲಕ್ಷಣಗಳೂ ಇಳಿಮುಖವಾಗಿರಬೇಕು. ಅದರ ನಂತರವೂ ಐದು ದಿನ ಜನರ ನಡುವೆ ಮಾಸ್ಕ್ ಇರಲಿ. ಮಾತ್ರೆ ನುಂಗಿಸಿ ಜ್ವರ ಇಳಿಸಿ ಮಗುವನ್ನು ಶಾಲೆಗೆ ಕಳಿಸುವುದು ಈ ನಿಯಮಕ್ಕೆ ಮಾಡುವ ಮೋಸ.

ಮೂರನೇ ಹೆಜ್ಜೆ: ಔಷಧ, ಅಗತ್ಯವಿದ್ದಷ್ಟು

ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾಕ್ಕೆ, ವೈರಸ್ಸಿಗಲ್ಲ. ಇದು ಎಲ್ಲರಿಗೂ ಗೊತ್ತು, ಆದರೂ ಸಿಂಬಳ ಹಸಿರಾದ ಕೂಡಲೇ ಮನಸ್ಸು ಡೋಲಾಯಮಾನ. ಆ ಬಣ್ಣ ನಮ್ಮದೇ ಬಿಳಿ ರಕ್ತಕಣಗಳಲ್ಲಿರುವ ಹಸಿರು ಕಿಣ್ವದ್ದು. ಸಾಧಾರಣ ನೆಗಡಿಯಲ್ಲೂ ಅದು ಕಾಣುತ್ತದೆ. ಬಣ್ಣವೊಂದನ್ನೇ ನೋಡಿ ಆ್ಯಂಟಿಬಯಾಟಿಕ್ ನುಂಗುವುದು ಬೇಡ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆರೋಗ್ಯವಂತ ವಯಸ್ಕರಿಗೆ ಒಮ್ಮೆಗೆ 500ರಿಂದ 1,000 ಮಿಲಿಗ್ರಾಂ, ನಡುವೆ ನಾಲ್ಕರಿಂದ ಆರು ಗಂಟೆ ಅಂತರ, ದಿನಕ್ಕೆ 4 ಗ್ರಾಂ ಮೀರಬಾರದು. ಮಕ್ಕಳಿಗೆ ತೂಕದ ಲೆಕ್ಕ, ಅದನ್ನು ವೈದ್ಯರೇ ಹೇಳಲಿ. ಇಲ್ಲೊಂದು ಗುಂಡಿಯಿದೆ. ನೆಗಡಿಗೆಂದು ಮಾರುವ ಅನೇಕ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಆಗಲೇ ಸೇರಿರುತ್ತದೆ. ಅದನ್ನೂ ಇದನ್ನೂ ನುಂಗಿದರೆ ಪ್ರಮಾಣ ದುಪ್ಪಟ್ಟಾಗಿ ಯಕೃತ್ತಿಗೆ ಪೆಟ್ಟು. ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ, ಹಾಳೆಯಲ್ಲಿ ಬರೆದ ಗಂಟೆಯನ್ನು ನೋಡಿ, ಆಮೇಲೆ ಕೊಡಿ. ಮಕ್ಕಳಿಗೆ, ಹದಿಹರೆಯದವರಿಗೆ ಆಸ್ಪಿರಿನ್ ಬೇಡವೇ ಬೇಡ. ಫ್ಲೂ ಅಥವಾ ಸೀತಾಳೆ ಸಿಡುಬಿನ ವೇಳೆ ಅದು ರೈ ಸಿಂಡ್ರೋಮ್ ಎಂಬ ಅಪರೂಪದ, ಮಾರಕವಾಗಬಲ್ಲ ತೊಂದರೆಗೆ ದಾರಿ ಮಾಡಬಹುದು. ಚಿಕ್ಕ ಮಕ್ಕಳಿಗೆ ಕೆಮ್ಮಿನ ಸಿರಪ್ಪನ್ನು ಸ್ವಂತ ಬುದ್ಧಿಯಿಂದ ಕೊಡಬೇಡಿ. ವರ್ಷ ತುಂಬಿದ ಮಕ್ಕಳಿಗೆ ಮಲಗುವ ಮುನ್ನ ಅರ್ಧ ಚಮಚ ಜೇನುತುಪ್ಪ ಕೆಮ್ಮನ್ನು ಶಮನ ಮಾಡುತ್ತದೆ, ವರ್ಷದೊಳಗಿನವರಿಗೆ ಜೇನು ನಿಷಿದ್ಧ.

ಕಟ್ಟಿದ ಮೂಗಿಗೆ ಉಪ್ಪುನೀರಿನ ಹನಿ, ಅದರಲ್ಲೂ ಹಾಲೂಡಿಸುವ ಮುಂಚೆ ಹಾಕಿದರೆ ಕೂಸು ನೆಮ್ಮದಿಯಾಗಿ ಕುಡಿಯುತ್ತದೆ. ಮೂಗು ಬಿಡಿಸುವ ಔಷಧದ ಸ್ಪ್ರೇ ಮೂರು ದಿನ ದಾಟಿದರೆ ಅದೇ ಮೂಗು ಕಟ್ಟಿಸತೊಡಗುತ್ತದೆ. ಕುದಿಯುವ ನೀರಿನ ಪಾತ್ರೆ ಇಟ್ಟು ಮಕ್ಕಳಿಗೆ ಆವಿ ಹಿಡಿಸುವುದನ್ನಂತೂ ನಾನು ಒಪ್ಪಲಾರೆ. ಅದರಿಂದ ಆಗುವ ಉಪಕಾರ ಅಲ್ಪ, ಪಾತ್ರೆ ಮಗುಚಿದರೆ ಸುಟ್ಟ ಗಾಯ ಅಪಾರ.

ವೈರಸ್ಸಿಗೇ ಔಷಧ ಇರುವ ಕಡೆ ಮತ್ತೆ ಗಡಿಯಾರವೇ ಮುಖ್ಯ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಲಕ್ಷಣ ಕಂಡ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ. ಕೋವಿಡ್‌ನ ಮಾತ್ರೆಗಳಿಗೆ ಐದು ದಿನದ ಗಡುವು. ವಯಸ್ಸಾದವರು, ಗರ್ಭಿಣಿಯರು, ಮಧುಮೇಹ, ಅಸ್ತಮಾ, ಹೃದ್ರೋಗ ಇರುವವರು ‘ನೋಡೋಣ, ನಾಲ್ಕು ದಿನ ಕಳೆಯಲಿ’ ಎನ್ನದೆ ಮೊದಲ ದಿನವೇ ವೈದ್ಯರಿಗೆ ಫೋನ್ ಮಾಡಬೇಕು. ದಡಾರವಾದ ಮಕ್ಕಳಿಗೆ ವೈದ್ಯರು ವಿಟಮಿನ್ ಎ ಕೊಡುತ್ತಾರೆ, ಅದನ್ನು ಮನೆಯಲ್ಲಿ ಅಂದಾಜಿನ ಮೇಲೆ ಕೊಡಬಾರದು.

ನಾಲ್ಕನೇ ಹೆಜ್ಜೆ: ಉಸಿರು ಎಣಿಸಿ

ಇದೊಂದನ್ನು ಪ್ರತಿಯೊಬ್ಬ ತಂದೆತಾಯಿ ಕಲಿತಿರಬೇಕು. ಮಗು ಮಲಗಿರುವಾಗ ಅಥವಾ ಶಾಂತವಾಗಿರುವಾಗ ಅಂಗಿ ಮೇಲಕ್ಕೆತ್ತಿ. ಮೊಬೈಲಿನಲ್ಲಿ ಒಂದು ನಿಮಿಷದ ಟೈಮರ್ ಹಾಕಿ. ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು ಬೇಡ, ಕೂಸಿನ ಉಸಿರು ಒಂದೇ ಲಯದಲ್ಲಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ ಹೀಗಿದೆ: ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ನ್ಯುಮೋನಿಯಾ ಇರಬಹುದು, ಹೊರಡಿ. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಎಣಿಸುತ್ತಾ ಕೂರುವುದೂ ಬೇಡ.

ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಸೆಳೆಯುವುದು, ತುಟಿ ನೀಲಿಯಾಗುವುದು, ಹಾಲು ಕುಡಿಯದಿರುವುದು, ಎಬ್ಬಿಸಿದರೂ ಮಂಪರು, ಫಿಟ್ಸ್, ಎಂಟು ಗಂಟೆ ಮೂತ್ರವೇ ಹೋಗದಿರುವುದು ಇವೆಲ್ಲ ತಡಮಾಡಬಾರದ ಚಿಹ್ನೆಗಳು. ದೊಡ್ಡವರಲ್ಲಿ ಏದುಸಿರು, ಎದೆನೋವು, ಗೊಂದಲದ ಮಾತು. ಆಕ್ಸಿಮೀಟರ್ ಇದ್ದರೆ ಉಗುರಿನ ಬಣ್ಣ ತೆಗೆದು, ತಣ್ಣಗಿನ ಬೆರಳನ್ನು ಉಜ್ಜಿ ಬೆಚ್ಚಗೆ ಮಾಡಿ ನೋಡಿ. ಶ್ವಾಸಕೋಶದ ಹಳೆಯ ಕಾಯಿಲೆ ಇಲ್ಲದವರಲ್ಲಿ ಆಮ್ಲಜನಕದ ಅಂಕಿ 94ಕ್ಕಿಂತ ಕೆಳಗಿಳಿದರೆ ವೈದ್ಯರನ್ನು ಕಾಣಿ. ಹಾಳೆ ಮಾತ್ರ ತೋರಿಸಬಲ್ಲ ಇನ್ನೊಂದು ಚಿಹ್ನೆಯಿದೆ: ನಾಲ್ಕನೇ ದಿನ ಇಳಿದ ಜ್ವರ ಆರನೇ ದಿನ ಮತ್ತೆ ಏರುವುದು. ವೈರಸ್ ಹದಗೆಡಿಸಿದ ಜಾಗಕ್ಕೆ ಬ್ಯಾಕ್ಟೀರಿಯಾ ನುಗ್ಗಿರಬಹುದು. ಆ್ಯಂಟಿಬಯಾಟಿಕ್‌ಗೆ ಕೆಲಸ ಬೀಳುವುದು ಆಗ.

ಐದನೇ ಹೆಜ್ಜೆ: ಲಸಿಕೆಯ ಚೀಟಿ ಹುಡುಕಿ

ಲಸಿಕೆ ಪಡೆಯದವರ ನಡುವೆ ದಡಾರದ ಒಬ್ಬ ರೋಗಿ 12ರಿಂದ 18 ಮಂದಿಗೆ ಅದನ್ನು ಹಂಚಬಲ್ಲ. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಂದೇ ಆಗಿರುವ ಎಂಎಂಆರ್ ಲಸಿಕೆಯನ್ನು ಎರಡು ಡೋಸ್ ಪಡೆದವರಲ್ಲಿ ಸುಮಾರು ಶೇ 97ರಷ್ಟು ಮಂದಿಗೆ ದಡಾರದಿಂದ ರಕ್ಷಣೆ ಸಿಗುತ್ತದೆ. ಫ್ಲೂ ವೈರಸ್ ಸದಾ ರೂಪ ಬದಲಿಸುವುದರಿಂದ ಅದರ ಲಸಿಕೆಯನ್ನು ಪ್ರತಿ ವರ್ಷ ಹಾಕಿಸಿಕೊಳ್ಳಬೇಕು. ರಕ್ಷಣೆ ಮೂಡಲು ಎರಡು ವಾರ ಬೇಕು, ಹಾಗಾಗಿ ಪಕ್ಕದ ಮನೆಯವರು ಕೆಮ್ಮಿದ ಮೇಲೆ ಓಡುವುದರಿಂದ ಪ್ರಯೋಜನ ಕಡಿಮೆ. ದಡಾರದ್ದು ಬೇರೆ ಮಾತು: ರೋಗಿಯ ಸಂಪರ್ಕವಾದ 72 ಗಂಟೆಯೊಳಗೆ ಲಸಿಕೆ ಬಿದ್ದರೆ ಕಾಯಿಲೆ ತಪ್ಪುವ ಸಾಧ್ಯತೆಯಿದೆ. ಗರ್ಭಿಣಿಯರಿಗೆ ಮಾತ್ರ ಇದನ್ನು ಕೊಡುವುದಿಲ್ಲ.

ರೋಗಿ ಎದ್ದು ಓಡಾಡತೊಡಗಿದರೂ ಹಾಳೆಯನ್ನು ಬಿಸಾಡಬೇಡಿ. ಸೀತಾಳೆ ಸಿಡುಬಿನ ವೈರಸ್ ಮೈ ಹೊಕ್ಕ ಮೇಲೆ ಗುಳ್ಳೆ ಏಳಲು 10ರಿಂದ 21 ದಿನ ಹಿಡಿಯುತ್ತದೆ. ಮನೆಯಲ್ಲಿ ಇನ್ನೊಂದು ಮಗುವಿದ್ದು, ಅದಕ್ಕೆ ಲಸಿಕೆಯೂ ಆಗಿಲ್ಲ, ಕಾಯಿಲೆಯೂ ಬಂದಿಲ್ಲವಾದರೆ ಕ್ಯಾಲೆಂಡರಿನಲ್ಲಿ ಆ ದಿನಗಳ ಸುತ್ತ ಗೆರೆ ಎಳೆಯಿರಿ. ಆ ಅವಧಿಯಲ್ಲಿ ಪ್ರತಿದಿನ ಸ್ನಾನ ಮಾಡಿಸುವಾಗ ಬೆನ್ನು, ಹೊಟ್ಟೆ, ಕೂದಲ ನಡುವಿನ ನೆತ್ತಿಯನ್ನು ನೋಡಿ. ಮೊದಲ ಕೆಂಪು ಚುಕ್ಕೆ ಕಂಡ ದಿನ ಹಾಳೆಯ ಹಿಂಬದಿಯಲ್ಲಿ ಎರಡನೇ ಮಗುವಿನ ‘ದಿನ 1’ ಬರೆಯಿರಿ.