ತುಕ್ಕು ಹಿಡಿದ ಬ್ರೇಕ್, ಕಚ್ಚಿಕೊಂಡ ಬೋಲ್ಟ್: ಹಳೇ ಜೀಪಿನ ಅಡಿಭಾಗ ಬಿಚ್ಚುವ ಕ್ರಮ

ಹೊಸ ಭಾಗ ಕೂರಿಸುವ ಕೆಲಸ ಯಾರಿಗಾದರೂ ಬಂದೀತು. ಹಳೇ ಫೋರ್-ವೀಲ್ ಜೀಪಿನ ಬ್ರೇಕು, ಸಸ್ಪೆನ್ಷನ್ ಕೆಲಸ ಕೆಡುವುದೆಲ್ಲ ಹಳೆಯದನ್ನು ಬಿಚ್ಚುವಾಗ. ಅರ್ಧ ಗಂಟೆಯ ಆತುರಕ್ಕೆ ಒಂದು ನಟ್ ಸವೆದು ದುಂಡಗಾದರೆ ಎರಡು ದಿನ ಹೋಗುತ್ತದೆ. ಹಾಗಾಗಿ ಈ ಬರಹದ ಬಹುಪಾಲು ಬಿಚ್ಚುವುದರ ಬಗ್ಗೆಯೇ ಇದೆ.

ಹಂತ 1: ಎಣ್ಣೆ ಕುಡಿಸಿ

ಕೆಲಸಕ್ಕೆ ಮೂರು ದಿನ ಮೊದಲೇ ಬಿಚ್ಚಬೇಕಾದ ಪ್ರತಿ ನಟ್‌ನ ಥ್ರೆಡ್ಡನ್ನು ವೈರ್ ಬ್ರಷ್‌ನಿಂದ ಉಜ್ಜಿ. ಕೆಸರಿನ ಹೊಪ್ಪಳೆಯ ಮೇಲೆ ಸುರಿದ ಎಣ್ಣೆ ಒಳಗೆ ಇಳಿಯುವುದಿಲ್ಲ. ಆಮೇಲೆ ಪೆನೆಟ್ರೇಟಿಂಗ್ ಆಯಿಲ್ ಅನ್ನು ಬೆಳಿಗ್ಗೆ, ಸಂಜೆ ಬಿಡಿ. ಎಲ್ಲದಕ್ಕೂ ಬಳಸುವ ತೆಳು ಸ್ಪ್ರೇ ಡಬ್ಬಿಗಳು ತೇವ ಓಡಿಸಲು ಸರಿ, ವರ್ಷಗಟ್ಟಲೆ ಕಚ್ಚಿಕೊಂಡ ಬೋಲ್ಟಿಗೆ ಸಾಲವು.

ಇದೇ ಹೊತ್ತಿನಲ್ಲಿ ಛಾಸಿಯನ್ನು, ಅದರಲ್ಲೂ ಸ್ಪ್ರಿಂಗ್ ಹ್ಯಾಂಗರ್ (ಸ್ಪ್ರಿಂಗಿನ ತುದಿ ಹಿಡಿಯುವ ಬ್ರಾಕೆಟ್) ಬೆಸೆದಿರುವ ಜಾಗವನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಮಂದವಾಗಿ ದಬ್ ಎಂದರೆ ಅಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ತೂತು ಬಿದ್ದರೆ ಮೊದಲು ವೆಲ್ಡಿಂಗ್, ಸ್ಪ್ರಿಂಗಿನ ಮಾತು ಆಮೇಲೆ.

ಹಂತ 2: ಎತ್ತಿ ನಿಲ್ಲಿಸಿ

ಗಟ್ಟಿ ನೆಲ, ಛಾಸಿಯ ಗಟ್ಟಿ ಭಾಗಕ್ಕೆ ಸ್ಟ್ಯಾಂಡ್, ಆಕ್ಸಲ್ ಅಡಿಗೆ ಬೇರೆ ಜಾಕ್. ಬರೀ ಜಾಕ್ ನಂಬಿ ಗಾಡಿಯ ಅಡಿಗೆ ಹೋಗಬೇಡಿ.

ಹಂತ 3: ಬ್ರೇಕ್ ಪೈಪಿನ ನಟ್

ಹೆಚ್ಚು ಜನ ಎಡವುವುದು ಇಲ್ಲೇ. ಮಾಮೂಲಿ ಓಪನ್ ಸ್ಪ್ಯಾನರ್ ನಟ್‌ನ ಎರಡೇ ಮುಖ ಹಿಡಿಯುತ್ತದೆ. ತುಕ್ಕಿನಿಂದ ಮೊದಲೇ ಸಣ್ಣಗಾದ ಮೆತ್ತನೆಯ ನಟ್‌ನ ಮೂಲೆಗಳು ಒಂದೇ ಏಟಿಗೆ ಹೋಗುತ್ತವೆ. ಫ್ಲೇರ್ ನಟ್ ಸ್ಪ್ಯಾನರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಪೈಪ್ ತೂರುವಷ್ಟು ಬಾಯಿ ಬಿಟ್ಟು, ನಟ್ಟನ್ನು ಸುತ್ತ ಹಿಡಿಯುವ ಸ್ಪ್ಯಾನರ್ ಅದು.

ನಟ್ ಎರಡು ಕಡೆ ಕಚ್ಚಿರುತ್ತದೆ: ಥ್ರೆಡ್ಡಿನಲ್ಲಿ ಒಮ್ಮೆ, ಒಳಗೆ ಹಾದುಹೋಗುವ ಪೈಪಿನ ಮೈಗೆ ಇನ್ನೊಮ್ಮೆ. ಆದ್ದರಿಂದ ನಟ್‌ನ ಹಿಂಬದಿ ಪೈಪನ್ನೂ ಉಜ್ಜಿ ಎಣ್ಣೆ ಬಿಡಿ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ತುಸು ಹಿಂದೆ, ತುಸು ಮುಂದೆ, ನಡುನಡುವೆ ಎಣ್ಣೆ. ಪೈಪ್ ನಟ್ ಜೊತೆಗೇ ಹಗ್ಗದಂತೆ ತಿರುಚಿಕೊಳ್ಳಲು ಶುರುವಾದರೆ ತಕ್ಷಣ ನಿಲ್ಲಿಸಿ.

ಆ ಪೈಪನ್ನು ಹೇಗೂ ಬದಲಿಸುವುದಾದರೆ ಒದ್ದಾಟವೇ ಬೇಡ. ನಟ್‌ನ ಬುಡಕ್ಕೆ ಪೈಪ್ ಕತ್ತರಿಸಿ, ಆರು ಮೂಲೆಯ ಸಾಕೆಟ್ ಪೂರ್ತಿ ಇಳಿಸಿ ತಿರುಗಿಸಿ. ಹನ್ನೆರಡು ಮೂಲೆಯ ಸಾಕೆಟ್ ಇಲ್ಲಿ ಜಾರುತ್ತದೆ. ಬಿಚ್ಚಿದ ತೂತಿಗೆ ಕೂಡಲೇ ರಬ್ಬರ್ ಮುಚ್ಚಳ ಹಾಕಿ.

ಬ್ರೇಕಿನೊಳಗಿನ ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಟೊಳ್ಳಾಗಿರುವುದರಿಂದ ಇನ್ನೂ ನಾಜೂಕು. ಅದರ ತೂತಿಗೆ ಬಿಗಿಯಾಗಿ ಕೂರುವ ಡ್ರಿಲ್ ಬಿಟ್‌ನ ಹಿಂಬದಿ ತೂರಿಸಿ, ತಲೆಯ ಮೇಲೆ ಮೆಲ್ಲಗೆ ನಾಲ್ಕು ಸಲ ತಟ್ಟಿ, ಆಮೇಲೆ ತಿರುಗಿಸಿ. ಬಿಟ್ ಒಳಗಿದ್ದರೆ ಸ್ಕ್ರೂ ಕುಸಿಯುವುದಿಲ್ಲ.

ಒಂದು ಎಚ್ಚರಿಕೆ: ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಗ್ಯಾಸ್ ಜ್ವಾಲೆಯಾಗಲಿ ವೆಲ್ಡಿಂಗ್ ಆಗಲಿ ಬೇಡ. ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಡಬ್ಬಿಯ ಮೇಲಿನ ಪಟ್ಟಿ ಓದಿ, ಕ್ಲೋರಿನ್ ಇಲ್ಲದ್ದನ್ನೇ ತನ್ನಿ.

ಹಂತ 4: ಡ್ರಮ್, ಡಿಸ್ಕ್

ಡ್ರಮ್ ಬಾರದಿದ್ದರೆ ಬ್ರೇಕ್ ಶೂ ಅಂತರ ಹೊಂದಿಸುವ ಅಡ್ಜಸ್ಟರ್ ಪೂರ್ತಿ ಹಿಂದಕ್ಕೆ ತಿರುಗಿಸಿ. ಡ್ರಮ್ ಮುಖದಲ್ಲಿ ಥ್ರೆಡ್ ಇರುವ ಎರಡು ತೂತು ಇದ್ದರೆ ಅದೇ ಅಳತೆಯ ಬೋಲ್ಟ್‌ಗಳನ್ನು ಸರದಿಯಂತೆ ಬಿಗಿಯುತ್ತಾ ಹೋಗಿ, ತಾನೇ ಹೊರಬರುತ್ತದೆ. ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ದೂಳನ್ನು ಏರ್ ಹೊಡೆದು ಹಾರಿಸಬೇಡಿ, ಒದ್ದೆ ಮಾಡಿ ಒರೆಸಿ. ಡಿಸ್ಕ್ ಹಿಡಿಯುವ ಕ್ಯಾಲಿಪರ್ ಪಿಸ್ಟನ್ ಮೇಲೆ ಉಗುರಿಗೆ ಸಿಗುವ ಗುಳಿ ಇದ್ದರೆ ಹೊಸ ಸೀಲ್ ಹಾಕಿಯೂ ಸೋರುತ್ತದೆ, ಪಿಸ್ಟನ್ನೇ ಬದಲಿಸಿ. ಡಿಸ್ಕ್ ಮೇಲೆ ಕೊರೆದಿರುವ ಕನಿಷ್ಠ ದಪ್ಪಕ್ಕಿಂತ ಸವೆದಿದ್ದರೆ ಎಸೆಯಿರಿ. ಸ್ಲೈಡ್ ಪಿನ್‌ಗೆ ಸಿಲಿಕೋನ್ ಗ್ರೀಸ್ ಮಾತ್ರ, ಮಾಮೂಲಿ ಗ್ರೀಸ್ ತಾಗಿದರೆ ರಬ್ಬರ್ ಉಬ್ಬುತ್ತದೆ.

ಹಂತ 5: ಲೀಫ್ ಸ್ಪ್ರಿಂಗ್

ಹೊಸ ಪೈಪನ್ನು ಈಗಲೇ ಹಾಕಬೇಡಿ. ಆಕ್ಸಲ್ ಇಳಿಸುವಾಗ ಬಾಗಿಹೋಗುತ್ತದೆ. ಹಳೇ ಹೋಸ್ ಉಳಿಸಿಕೊಂಡಿದ್ದರೆ ಅದರ ಮೇಲೆ ಆಕ್ಸಲ್ ನೇತಾಡಲು ಬಿಡಬೇಡಿ.

ಸ್ಪ್ರಿಂಗ್ ತುದಿಯ ಸುರುಳಿಗೆ ಕಣ್ಣು ಎನ್ನುತ್ತಾರೆ. ಅದರ ಬೋಲ್ಟ್ ತಿರುಗಿಸಿದಾಗ ತುಸು ತಿರುಗಿ, ಕೈ ಬಿಟ್ಟೊಡನೆ ವಾಪಸ್ ಬಂದರೆ ಅದು ಬುಷ್ (ಕಣ್ಣಿನೊಳಗೆ ಕೂರುವ ರಬ್ಬರ್ ತೋಳು) ಒಳಗಿನ ಕಬ್ಬಿಣದ ಕೊಳವೆಗೆ ಕಚ್ಚಿಕೊಂಡಿದೆ ಎಂದರ್ಥ. ನೀವು ತಿರುಚುತ್ತಿರುವುದು ರಬ್ಬರನ್ನು. ಎಣ್ಣೆ ಅಲ್ಲಿಗೆ ಹೋಗದು. ಬೆಂಕಿ ಇಟ್ಟರೆ ರಬ್ಬರ್ ಹೊತ್ತಿ ಉರಿಯುತ್ತದೆ. ಹ್ಯಾಂಗರ್ ಮತ್ತು ಸ್ಪ್ರಿಂಗ್ ಕಣ್ಣಿನ ನಡುವಿನ ಸಂದಿನಲ್ಲಿ ಎರಡೂ ಕಡೆ ರೆಸಿಪ್ರೊಕೇಟಿಂಗ್ ಗರಗಸದಿಂದ ಬೋಲ್ಟ್ ಕತ್ತರಿಸುವುದೇ ಸರಿ. ಬೋಲ್ಟ್ ಗಡುಸು, ವೇಗ ಕಡಿಮೆ ಇಟ್ಟು ಬ್ಲೇಡ್ ಮೇಲೆ ಎಣ್ಣೆ ಬಿಡಿ, ಇಲ್ಲದಿದ್ದರೆ ಹಲ್ಲು ಸುಡುತ್ತದೆ. ಗ್ರೈಂಡರ್ ಬೇಗ ಕತ್ತರಿಸೀತು, ಆದರೆ ಹ್ಯಾಂಗರ್ ಕಿವಿಗೂ ಗಾಯ ಮಾಡುತ್ತದೆ, ಕಿಡಿ ಇಂಧನ ಟ್ಯಾಂಕ್ ಕಡೆ ಹಾರುತ್ತದೆ.

ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ಗಳನ್ನೂ ಕತ್ತರಿಸಿಯೇ ತೆಗೆಯಿರಿ. ಒಮ್ಮೆ ಎಳೆಸಿಕೊಂಡ ಯು-ಬೋಲ್ಟ್ ಮತ್ತೆ ಹಾಕಬಾರದು. ಸ್ಪ್ರಿಂಗ್ ಪಟ್ಟಿಗಳ ನಡುವೆ ತುಕ್ಕು ಉಬ್ಬಿ ಎದ್ದಿದ್ದರೆ ಅವನ್ನು ಸೇರಿಸಿ ಹಿಡಿದಿರುವ ಸೆಂಟರ್ ಬೋಲ್ಟ್ ಬಿಚ್ಚುವ ಮೊದಲು ಎರಡು ಬದಿ ಕ್ಲ್ಯಾಂಪ್ ಹಾಕಿ, ಪಟ್ಟಿಗಳು ಚಿಮ್ಮುತ್ತವೆ. ಉಜ್ಜಿ, ಗ್ರಾಫೈಟ್ ಪೇಂಟ್ ಬಳಿದು ಜೋಡಿಸಿ. ಆ್ಯಸಿಡ್ ತೊಟ್ಟಿಯಲ್ಲಿ ಅದ್ದುವ ಅಡ್ಡದಾರಿ ಹಿಡಿಯಬೇಡಿ. ಗಡುಸು ಉಕ್ಕಿನೊಳಗೆ ಹೈಡ್ರೋಜನ್ ಸೇರಿ ಪಟ್ಟಿ ಪೆಡಸಾಗಿ ಮುರಿಯಬಹುದು.

ಹೊಸ ಬೋಲ್ಟ್ ಮೂಲದಲ್ಲಿದ್ದ ದರ್ಜೆಯದೇ ಇರಲಿ. ತುಕ್ಕು ಹಿಡಿಯದೆಂದು ಸ್ಟೇನ್‌ಲೆಸ್ ಹಾಕುವವರಿದ್ದಾರೆ. ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟಿಗೆ 10.9 ದರ್ಜೆಯ (ಗಡುಸು ಉಕ್ಕಿನ ಬೋಲ್ಟಿನ) ಶಕ್ತಿ ಇಲ್ಲ. ಕೊಳವೆಯೊಳಗೆ ಕೂರುವ ಭಾಗಕ್ಕೆ ಆ್ಯಂಟಿ-ಸೀಝ್ (ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಸವರಿದರೆ ಮುಂದಿನ ಸಲ ಗರಗಸ ಬೇಕಾಗದು. ಛಾಸಿಗೆ ಟಾರಿನ ಲೇಪನ ಬೇಡವೇ ಬೇಡ. ಅದು ಬಿರುಕು ಬಿಟ್ಟು, ನೀರು ಹಿಡಿದು, ಕಾಣದಂತೆ ಒಳಗೆ ತಿನ್ನಿಸುತ್ತದೆ. ಹೊಪ್ಪಳೆ ತೆಗೆದು ಸತುವಿನ ಪ್ರೈಮರ್, ಪೇಂಟ್, ಟೊಳ್ಳುಗಳೊಳಗೆ ಮೇಣ.

ಹಂತ 6: ಹೊಸ ಪೈಪ್

ತಾಮ್ರ-ನಿಕ್ಕಲ್ ಪೈಪ್ ತನ್ನಿ, ಹೆಚ್ಚಿನ ಗಾಡಿಗಳಿಗೆ 4.75 ಮಿ.ಮೀ. ಅಳತೆ. ಸುಲಭವಾಗಿ ಬಾಗುತ್ತದೆ, ತುಕ್ಕು ಹಿಡಿಯದು. ಟ್ಯೂಬ್ ಕಟರ್‌ನಿಂದ ಕತ್ತರಿಸಿ, ಒಳ ಅಂಚಿನ ಚೂರು ತೆಗೆಯಿರಿ, ನಟ್ಟನ್ನು ಮೊದಲೇ ತೂರಿಸಿ, ಆಮೇಲೆ ಫ್ಲೇರ್, ಅಂದರೆ ಪೈಪಿನ ತುದಿ ಅಗಲಿಸುವುದು. ನಟ್ ಮರೆತು ಫ್ಲೇರ್ ಮಾಡಿದರೆ ಮತ್ತೆ ಕತ್ತರಿಸಬೇಕು. ಹಳೇ ತುದಿಯನ್ನು ಇಟ್ಟು ಹೋಲಿಸಿ: ಒಳಮಡಿಸಿದ ಡಬಲ್ ಫ್ಲೇರೋ, ಗುಳ್ಳೆಯಂಥ ಬಬಲ್ ಫ್ಲೇರೋ? ಒಂದರ ಜಾಗದಲ್ಲಿ ಇನ್ನೊಂದು ಕೂರದು. ಚೂರು ಪೈಪಿನ ಮೇಲೆ ನಾಲ್ಕು ಸಲ ಅಭ್ಯಾಸ ಮಾಡಿ. ಹಿತ್ತಾಳೆ ಉಂಗುರದ ಕಂಪ್ರೆಷನ್ ಜಾಯಿಂಟ್ ನೀರಿನ ಪೈಪಿಗೆ, ಬ್ರೇಕಿಗಲ್ಲ.

ಹಂತ 7: ಏರ್ ತೆಗೆಯುವುದು

ಗಾಡಿಗೆ ಹೇಳಿರುವ ದರ್ಜೆಯ (ಡಾಟ್) ಬ್ರೇಕ್ ಫ್ಲುಯಿಡ್ಡೇ ಹಾಕಿ. ಡಾಟ್ 3, ಡಾಟ್ 4 ಜೊತೆ ಸಿಲಿಕೋನಿನ ಡಾಟ್ 5 ಬೆರೆಸಬಾರದು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ (ಪೆಡಲ್ ತುಳಿತವನ್ನು ಫ್ಲುಯಿಡ್ಡಿಗೆ ದಾಟಿಸುವ ಭಾಗ) ದೂರದ ಚಕ್ರದಿಂದ ಶುರು. ಪೆಡಲ್ ಅಡಿಗೆ ಒಂದು ಮರದ ತುಂಡು ಇಡಿ. ಹಳೇ ಮಾಸ್ಟರ್ ಸಿಲಿಂಡರಿನಲ್ಲಿ ಸೀಲ್ ಎಂದೂ ಓಡಾಡದ ತುದಿಯಲ್ಲಿ ತುಕ್ಕಿರುತ್ತದೆ. ಪೆಡಲ್ ನೆಲದವರೆಗೆ ತುಳಿದರೆ ಸೀಲ್‌ನ ತುಟಿ ಅದಕ್ಕೆ ಸಿಕ್ಕಿ ಹರಿಯುತ್ತದೆ, ಮರುದಿನ ಪೆಡಲ್ ಮೆಲ್ಲಗೆ ಇಳಿಯತೊಡಗುತ್ತದೆ. ಮುಗಿದ ಮೇಲೆ ತುಂಡು ತೆಗೆದು, ಒಂದು ನಿಮಿಷ ಬಲವಾಗಿ ತುಳಿದು ಹಿಡಿದು, ಪ್ರತಿ ಜಾಯಿಂಟನ್ನು ಒಣ ಕಾಗದದಿಂದ ಒರೆಸಿ ನೋಡಿ.

ಕೊನೆಗೆ ಗಾಡಿಯನ್ನು ನೆಲಕ್ಕಿಳಿಸಿ, ಪೂರ್ತಿ ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಬುಷ್ ಬೋಲ್ಟ್‌ಗಳನ್ನು ಬಿಗಿಯಿರಿ. ಗಾಳಿಯಲ್ಲಿ ನೇತಾಡುವಾಗ ಬಿಗಿದರೆ ಇಳಿಸಿದೊಡನೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಯು-ಬೋಲ್ಟ್‌ಗಳನ್ನು ಅಡ್ಡಕ್ಕಡ್ಡ, ಮೂರು ಸುತ್ತಿನಲ್ಲಿ, ಮ್ಯಾನುಯಲ್‌ನ ಟಾರ್ಕಿಗೆ ತನ್ನಿ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಟಾರ್ಕ್ ರೆಂಚ್ ಹಿಡಿದು ಮತ್ತೊಮ್ಮೆ ಅಡಿಗೆ ಹೋಗಿ.