ರೇಂಜ್ ತುಂಬಿದೆ, ಮರದ ಮೇಲೆ ಜನ ಇಲ್ಲ: ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನನ್ನ ಬಿಲ್ಲಿನ ಆರು ವರ್ಷ

ಕಳೆದ ಜನವರಿಯ ಒಂದು ಶನಿವಾರ ನಮ್ಮ ಬಿಲ್ಲುಗಾರಿಕೆ ಕ್ಲಬ್ಬಿಗೆ ಹೋದರೆ ನಿಲ್ಲೋಕೂ ಜಾಗ ಇರಲಿಲ್ಲ. ಹೊರಗೆ ಮೂಗು ಉದುರಿಸುವ ಚಳಿ. ಒಳಗೆ ಗೋಡೆಯಿಂದ ಗೋಡೆಗೆ ಮಕ್ಕಳು. ಹತ್ತು ವರ್ಷದ ಹುಡುಗಿಯರು ಸಾಲಾಗಿ ನಿಂತು ಹೆದೆ ಎಳೆಯುತ್ತಿದ್ದರು. ಅದೇ ಕ್ಲಬ್ಬಿನ ಹಿಂದೆ ಒಂದು ಕಾಡಿನ ಹಾದಿ ಇದೆ. ಬೇಟೆಗೆ ತಯಾರಾಗುವವರಿಗಾಗಿ ಅಲ್ಲಲ್ಲಿ ಫೋಮಿನ ಜಿಂಕೆಗಳನ್ನು ನಿಲ್ಲಿಸಿದ್ದಾರೆ. ಬೇಟೆ ಶುರುವಾಗುವ ಮುಂಚೆ, ಆಗಸ್ಟ್‌ನಲ್ಲಿ, ಅಲ್ಲಿ ನನಗೆ ಸಿಕ್ಕಿದ್ದು ನಾಲ್ಕೇ ಜನ. ಮೂವರಿಗೆ 65 ದಾಟಿತ್ತು.

‘ಈ ಕಾಲದಲ್ಲೂ ಬಿಲ್ಲು ಹಿಡಿಯೋರು ಇದ್ದಾರಾ?’ ಅಂತ ತೀರ್ಥಹಳ್ಳಿ ಕಡೆಯ ನಮ್ಮ ನೆಂಟರು ಕೇಳುತ್ತಾರೆ. ಇಲ್ಲಿನ ಆಫೀಸಿನವರೂ ಅದನ್ನೇ ಕೇಳುತ್ತಾರೆ. ಆ ಶನಿವಾರ ಮತ್ತು ಆ ಆಗಸ್ಟ್, ಎರಡನ್ನೂ ಒಟ್ಟಿಗೆ ಹೇಳದೆ ನನಗೆ ಉತ್ತರ ಕೊಡಲು ಬರುವುದಿಲ್ಲ.

ನಾನು ಬಿಲ್ಲು ಹಿಡಿದದ್ದು ಮಗಳಿಂದ. 2019ರಲ್ಲಿ ಅವಳು ಐದನೇ ತರಗತಿ. ಶಾಲೆಯ ವ್ಯಾಯಾಮದ ಪೀರಿಯಡ್‌ನಲ್ಲೇ ಬಿಲ್ಲುಗಾರಿಕೆ ಇತ್ತು. 2002ರಲ್ಲಿ ಕೆಂಟಕಿ ರಾಜ್ಯದಲ್ಲಿ ಶುರುವಾದ ಶಾಲಾ ಕಾರ್ಯಕ್ರಮ ಅದು. ಈಗ ಅಮೆರಿಕದ ತುಂಬಾ ಹರಡಿದೆ. ಅದಕ್ಕೆ ಬಳಸುವ ಜೆನೆಸಿಸ್ ಬಿಲ್ಲಿನಲ್ಲಿ ಒಂದು ಜಾಣತನ ಇದೆ. ಕೈ ಉದ್ದ ಇರಲಿ, ಗಿಡ್ಡ ಇರಲಿ, ಯಾರು ಬೇಕಾದರೂ ಎಳೆಯಬಹುದು. ಹತ್ತರಿಂದ ಇಪ್ಪತ್ತು ಪೌಂಡ್ ಬಲ ಸಾಕು. ಹಾಗಾಗಿ ಒಂದೇ ಬಿಲ್ಲನ್ನು ಇಡೀ ತರಗತಿ ಹಂಚಿಕೊಳ್ಳುತ್ತದೆ. ಎರಡು ಸೀಟಿ ಊದಿದರೆ ಗೆರೆಗೆ ಬನ್ನಿ, ಒಂದಕ್ಕೆ ಹೊಡೆಯಿರಿ, ಮೂರಕ್ಕೆ ಹೋಗಿ ಬಾಣ ಕಿತ್ತುಕೊಳ್ಳಿ. ಓಟದಲ್ಲಿ, ಬಾಸ್ಕೆಟ್‌ಬಾಲ್‌ನಲ್ಲಿ ಯಾವಾಗಲೂ ಹಿಂದೆ ಉಳಿಯುತ್ತಿದ್ದ ನನ್ನ ಮಗಳು ಆ ಗೆರೆಯ ಮೇಲೆ ಬೇರೆಯೇ ಹುಡುಗಿಯಾಗಿದ್ದಳು. ಮಕ್ಕಳು ಇಷ್ಟು ಜನ ಬರುತ್ತಿರುವುದಕ್ಕೆ ದೊಡ್ಡ ಕಾರಣ ಇದೇ ಅಂತ ನನ್ನ ನಂಬಿಕೆ. ಸಿನಿಮಾ ನೋಡಿ ಬಂದವರು ಒಂದು ವರ್ಷ ಬರುತ್ತಾರೆ. ಶಾಲೆಯಿಂದ ಬಂದವರು ಉಳಿಯುತ್ತಾರೆ.

ಅವಳನ್ನು ಕರೆದುಕೊಂಡು ಹೋಗಿ ಸುಮ್ನೆ ಕೂತು ಬೇಜಾರಾಗಿ ನಾನೂ ಒಂದು ಬಿಲ್ಲು ಕೊಳ್ಳಲು ಹೋದೆ. ಮೊದಲ ಅಂಗಡಿಯವರು ನನ್ನ ಕೈಗೆ 45 ಪೌಂಡ್ ಬಲ ಹಾಕಿ ಎಳೆಯಬೇಕಾದ ಕಾಂಪೌಂಡ್ ಬಿಲ್ಲು, ಅಂದರೆ ತುದಿಗಳಲ್ಲಿ ಗಾಲಿಗಳಿರುವ ಬಿಲ್ಲು ಕೊಟ್ಟರು. ಇಷ್ಟಿಲ್ಲದೆ ಬೇಟೆ ಆಗಲ್ಲ ಅಂದರು. ನಾನು ಬೇಟೆಯ ಮಾತೇ ಎತ್ತಿರಲಿಲ್ಲ! ಅದನ್ನು ಎಳೆಯಲು ಬಿಲ್ಲನ್ನು ಆಕಾಶಕ್ಕೆ ಎತ್ತಿ, ಸೊಂಟ ತಿರುಚಿ ಒದ್ದಾಡಬೇಕಿತ್ತು. ಮೂರು ತಿಂಗಳಲ್ಲಿ ಎಡ ಭುಜ ಹಿಡಿದುಕೊಂಡಿತು. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ಬಿಲ್ಲನ್ನು ಅರ್ಧ ಬೆಲೆಗೆ ಮಾರಿದೆ. ಆಗ ನಾನು ಪೂರ್ತಿ ಬಿಟ್ಟುಬಿಟ್ಟಿದ್ದರೆ ಆಶ್ಚರ್ಯ ಇರಲಿಲ್ಲ. ಹೀಗೆ ಭಾರದ ಬಿಲ್ಲು ಹಿಡಿದು ನೋವು ತಿಂದು ಹೋದವರನ್ನು ಆಮೇಲೆ ಎಷ್ಟೋ ಜನ ನೋಡಿದ್ದೇನೆ.

ನನ್ನನ್ನು ಉಳಿಸಿದವರು ಕ್ಲಬ್ಬಿನ ಒಬ್ಬ ಅಜ್ಜ. ಹಸು ಸಾಕಿ ನಿವೃತ್ತರಾದ ರೈತರು, ಆಗ 72 ವರ್ಷ. ಮೊದಲು ನನ್ನ ಎರಡೂ ತೋಳು ಚಾಚಿಸಿ, ಬೆರಳ ತುದಿಯಿಂದ ಬೆರಳ ತುದಿಗೆ ಅಳತೆ ತೆಗೆದರು. ಅದನ್ನು ಎರಡೂವರೆಯಿಂದ ಭಾಗಿಸಿದರೆ ಹೆಚ್ಚುಕಡಿಮೆ ನಾವು ಎಳೆಯುವ ಉದ್ದ ಸಿಗುತ್ತದೆ. ನನ್ನದು 26 ಇಂಚು. ಯಾವ ಕಣ್ಣು ಮುಖ್ಯ ಅಂತ ನೋಡಿದರು. ಆಮೇಲೆ ಒಂದು ಸಾದಾ ರಿಕರ್ವ್ ಬಿಲ್ಲು, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು ಕೊಟ್ಟರು. ಬಿಲ್ಲಿನ ತೋಳುಗಳನ್ನು ಬಿಚ್ಚಿ ಬದಲಾಯಿಸುವಂಥದ್ದು. ಬಲ 24 ಪೌಂಡ್. ‘ಆರು ವಾರ ಗುರಿ ಇಲ್ಲ’ ಅಂದರು.

ನಿಜವಾಗಿಯೂ ಗುರಿ ಇರಲಿಲ್ಲ. ಮೂರು ಹೆಜ್ಜೆ ದೂರದಲ್ಲಿ ಒಂದು ಹುಲ್ಲಿನ ಪೆಂಡಿ, ಅಷ್ಟೇ. ಹೆದೆಗೆ ಮೂರು ಬೆರಳು: ಬಾಣದ ಮೇಲೊಂದು, ಕೆಳಗೆರಡು. ಎಳೆದು ತೋರುಬೆರಳನ್ನು ಬಾಯಿಯ ಮೂಲೆಗೆ ತಾಗಿಸಬೇಕು. ಪ್ರತಿ ಸಲವೂ ಅದೇ ಜಾಗ. ಆಮೇಲೆ ಕಣ್ಣು ಮುಚ್ಚಬೇಕು. ಕಣ್ಣು ಮುಚ್ಚಿದಾಗಲೇ ಗೊತ್ತಾಯಿತು, ನಾನು ಎಳೆಯುತ್ತಿದ್ದದ್ದು ಕೈಯಿಂದ. ಎಳೆಯಬೇಕಾದ್ದು ಬೆನ್ನಿಂದ. ಎರಡು ರೆಕ್ಕೆಮೂಳೆಗಳು ಹತ್ತಿರ ಬರುತ್ತವಲ್ಲ, ಅಲ್ಲಿಂದ. ಅದು ಕೂತ ದಿನ ಬೆರಳುಗಳು ತಾವಾಗಿಯೇ ಸಡಿಲಾದವು, ಬಾಣ ಹೋದದ್ದೇ ತಿಳಿಯಲಿಲ್ಲ. ಅಷ್ಟರಲ್ಲಿ 2020ರ ಮಾರ್ಚ್ ಬಂತು. ಕ್ಲಬ್ ಮುಚ್ಚಿತು. ನಾನು ಗ್ಯಾರೇಜಿನಲ್ಲಿ ಪೆಂಡಿ ಇಟ್ಟುಕೊಂಡು ದಿನಾ ನಲವತ್ತು ಬಾಣ ಹೊಡೆದೆ.

ಆ ವರ್ಷ ಇಲ್ಲಿ ಕಾಡಿಗೆ ಹೋಗುವವರು ಜಾಸ್ತಿಯಾದರು. ಅಂಗಡಿಗಳಲ್ಲಿ ಬಿಲ್ಲು ಸಿಗದ ಹಾಗಾಯಿತು. ನಾನೂ ಬೇಟೆಯ ಶಿಕ್ಷಣಕ್ಕೆ ಸೇರಿದೆ. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1 ಮತ್ತು ಆಮೇಲೆ ಹುಟ್ಟಿದವರು ಈ ಕೋರ್ಸ್ ಮುಗಿಸಬೇಕು. ತರಗತಿಯಲ್ಲಿ ನನ್ನಂಥವರೇ ಜಾಸ್ತಿ ಇದ್ದದ್ದು ನೋಡಿ ಖುಷಿಯಾಯಿತು. ಮನೆಯಲ್ಲಿ ಯಾರೂ ಬೇಟೆಗಾರರಿಲ್ಲ, ಮೂವತ್ತು ನಲವತ್ತು ದಾಟಿದ ಮೇಲೆ ಕಲಿಯಲು ಬಂದಿದ್ದಾರೆ. ಹೆಂಗಸರೂ ಬೇಕಾದಷ್ಟಿದ್ದರು.

ಮನೆಯಲ್ಲಿ ಯಾರೂ ಇಲ್ಲ ಅಂತ ನಾನು ಹೇಳುವ ಹಾಗಿರಲಿಲ್ಲ. ನಮ್ಮಜ್ಜ ಮರಸಿಗೆ ಕೂರುತ್ತಿದ್ದವರು. ಕಾಡಿನ ಅಂಚಿನಲ್ಲಿ ಮರಕ್ಕೆ ಅಟ್ಟಣೆ ಕಟ್ಟಿ ರಾತ್ರಿಯಿಡೀ ಹಂದಿಗೆ ಕಾಯುತ್ತಿದ್ದರಂತೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಿಂತಿತು. ಅದು ನಿಲ್ಲಲೇಬೇಕಿತ್ತು. ಅಷ್ಟೊತ್ತಿಗೆ ನಮ್ಮ ಕಾಡಲ್ಲಿ ಉಳಿದಿದ್ದೇ ಕಡಿಮೆ. ಊರಿಗೆ ಹೋದಾಗ ಬಿಲ್ಲನ್ನು ಗುರಿಹಲಗೆಗೆ ಮಾತ್ರ ಹಿಡಿಯುತ್ತೇನೆ. ಇಲ್ಲಿನ ಲೆಕ್ಕ ಬೇರೆ. ವಿಸ್ಕಾನ್ಸಿನ್ ಒಂದರಲ್ಲೇ ಹದಿನೈದು ಲಕ್ಷಕ್ಕೂ ಹೆಚ್ಚು ಬಿಳಿಬಾಲದ ಜಿಂಕೆಗಳಿವೆ. ಅವನ್ನು ಹಿಡಿತದಲ್ಲಿಡಲು ಬೇಟೆಯೇ ಮುಖ್ಯ ದಾರಿ. ಬೇಟೆಗಾರರು ಕಡಿಮೆಯಾದರೆ ಕಾಡಿಗೇ ತೊಂದರೆ, ಎಳೆಯ ಓಕ್ ಸಸಿಗಳನ್ನು ಜಿಂಕೆಗಳು ಮೇಲೇಳಲು ಬಿಡುವುದಿಲ್ಲ. ಇನ್ನೊಂದು ವಿಷಯ, ಇಲ್ಲಿ ಮಾರುವ ಬೇಟೆಯ ಬಿಲ್ಲಿನ ಮೇಲೆ 11 ಶೇಕಡಾ ಕೇಂದ್ರ ತೆರಿಗೆ ಇದೆ. ಕೋವಿಗೆ 1937ರಿಂದ ಇದ್ದ ಪದ್ಧತಿಯನ್ನು ಅಮೆರಿಕದ 1972ರ ಕಾನೂನು ಬಿಲ್ಲಿಗೂ ತಂದಿತು. ಆ ದುಡ್ಡು ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ನಾನು ಕಲಿತ ತರಗತಿಯಂಥವೂ ಅದರಲ್ಲೇ ನಡೆಯುತ್ತವೆ.

ಈ ರಾಜ್ಯಕ್ಕೂ ಬಿಲ್ಲಿಗೂ ಹಳೆಯ ನಂಟು. ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದೂರದ ಸಾಕ್ ಕೌಂಟಿ ಮತ್ತು ಪಕ್ಕದ ಕೊಲಂಬಿಯಾ ಕೌಂಟಿಗಳಲ್ಲಿ 1934ರಲ್ಲಿ ಬರೀ ಬಿಲ್ಲಿಗಾಗಿ ಜಿಂಕೆ ಬೇಟೆಯ ಕಾಲ ಗೊತ್ತುಮಾಡಿದರು. ಮ್ಯಾಡಿಸನ್‌ನ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ಪ್ರಾಧ್ಯಾಪಕರಾಗಿದ್ದ ಆಲ್ಡೊ ಲಿಯೊಪೋಲ್ಡ್ ತಮ್ಮ ಬಿಲ್ಲನ್ನು ತಾವೇ ಕೆತ್ತಿಕೊಳ್ಳುತ್ತಿದ್ದರು. ಅವರ ಹೆಂಡತಿ ಎಸ್ಟೆಲ್ಲಾ ರಾಜ್ಯದ ಮಹಿಳಾ ಬಿಲ್ಲುಗಾರಿಕೆ ಚಾಂಪಿಯನ್. ನಮ್ಮ ಬೇಲೂರಿನ ಮದನಿಕೆಯರಲ್ಲಿ ಬಿಲ್ಲು ಹಿಡಿದವಳು ಒಬ್ಬಳಿದ್ದಾಳಲ್ಲ, ಎಸ್ಟೆಲ್ಲಾ ಬಗ್ಗೆ ಓದಿದಾಗಲೆಲ್ಲ ನನಗೆ ಅವಳ ನೆನಪಾಗುತ್ತದೆ.

2021ರ ಸೆಪ್ಟೆಂಬರ್‌ನಲ್ಲಿ ಬೇಟೆಗೆ ಕಾಯಲು ಮೊದಲ ಸಲ ಮರ ಹತ್ತಿದೆ. ಬಿಲ್ಲಿನ ಬಲ ಅಷ್ಟೊತ್ತಿಗೆ 40 ಪೌಂಡ್. ಕಾನೂನಿಗೆ 30 ಸಾಕು. ಆದರೆ ನನ್ನದು 15 ಗಜದ ಆಟ ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಅದಕ್ಕಿಂತ ದೂರ ಎಷ್ಟೇ ಚೆಂದದ ಜಿಂಕೆ ನಿಂತರೂ ಹೆದೆ ಎಳೆಯುವುದಿಲ್ಲ. ಆ ವರ್ಷ ಏನೂ ಸಿಗಲಿಲ್ಲ. ಗಾಳಿ ಬೆನ್ನ ಹಿಂದಿನಿಂದ ಬೀಸಿದರೆ ನಮ್ಮ ವಾಸನೆ ಜಿಂಕೆಗೆ ಮುಟ್ಟುತ್ತದೆ, ಎಷ್ಟು ಅಲುಗಾಡದೆ ಕೂತರೂ ದಂಡ ಅಂತ ಕಲಿತೆ.

2022ರಲ್ಲಿ ನಾನು ತಪ್ಪು ಮಾಡಿದೆ. ಒಂದು ಹೆಣ್ಣು ಜಿಂಕೆ 14 ಗಜಕ್ಕೆ ಬಂತು. ಬಾಣ ಬಿಡುವ ಕ್ಷಣಕ್ಕೆ ಅದು ಒಂದು ಹೆಜ್ಜೆ ಮುಂದಿಟ್ಟಿತು. ಬಾಣ ಗುರಿಗಿಂತ ಹಿಂದೆ ಬಿತ್ತು. ಕೆಳಗಿಳಿದು ನೋಡಿದರೆ ಬಾಣದ ಮೇಲೆ ಹಸಿರು ಕಲೆ, ಕೆಟ್ಟ ವಾಸನೆ. ಹೊಟ್ಟೆಗೆ ತಗುಲಿತ್ತು. ಹಾಗಾದಾಗ ಗಂಟೆಗಟ್ಟಲೆ ಕಾಯಬೇಕು. ತರಗತಿಯಲ್ಲಿ ಹೇಳಿದ್ದರು, ನನಗೆ ಗೊತ್ತಿತ್ತು. ಆದರೂ ತಡೆಯಲಾಗದೆ ಹತ್ತು ನಿಮಿಷಕ್ಕೇ ಅದರ ಹಿಂದೆ ಹೋದೆ. ಮಲಗಿದ್ದ ಜಿಂಕೆ ಎದ್ದು ಓಡಿತು. ಆ ರಾತ್ರಿ, ಮರುದಿನ ಇಡೀ ಹುಡುಕಿದೆವು. ಸಿಗಲಿಲ್ಲ. ಆ ಪ್ರಾಣಿ ಪಟ್ಟ ಕಷ್ಟಕ್ಕೆ ನಾನೇ ಕಾರಣ. ಇವತ್ತಿಗೂ ಅದನ್ನು ಹಗುರ ಮಾಡಿಕೊಂಡಿಲ್ಲ. ಉಳಿದ ಕಾಲ ಪೂರ್ತಿ ಬಿಲ್ಲು ಮುಟ್ಟಲಿಲ್ಲ. ನನ್ನ ಜೊತೆ ಕೋರ್ಸ್ ಮಾಡಿದವರಲ್ಲಿ ಇಬ್ಬರು ಇಂಥದ್ದೇ ಒಂದು ಸಂಜೆಯ ನಂತರ ಬಿಟ್ಟುಹೋದರು. ನನ್ನನ್ನು ಮತ್ತೆ ಪೆಂಡಿಯ ಮುಂದೆ ನಿಲ್ಲಿಸಲು ಕ್ಲಬ್ಬಿನ ಅಜ್ಜ ಮನೆಗೇ ಬಂದರು. ಅವರಿಬ್ಬರಿಗೆ ಅಂಥ ಅಜ್ಜ ಇರಲಿಲ್ಲ.

2023ರ ಅಕ್ಟೋಬರ್ ಕೊನೆ. ಬೆಳಕು ಇನ್ನೂ ಬೂದು ಬಣ್ಣದಲ್ಲಿತ್ತು. ಸೊಂಟದ ಪಟ್ಟಿಯ ಕೊಂಡಿಯನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡೆ. ಓಕ್ ಎಲೆಗಳ ಮೇಲೆ ಸದ್ದು. ಅಳಿಲಿನದು ಪಟಪಟ ಅಂತ ಬರುತ್ತದೆ, ಇದು ಹಾಗಲ್ಲ. ಒಂದು ಹೆಜ್ಜೆ, ನಿಲುಗಡೆ. ಇನ್ನೊಂದು ಹೆಜ್ಜೆ. ಹೆಣ್ಣು ಜಿಂಕೆ ಗಾಳಿ ಬೀಸುವ ಕಡೆಯಿಂದಲೇ ಬಂತು, ಅಂದರೆ ನನ್ನ ವಾಸನೆ ಅದಕ್ಕಿಲ್ಲ. ತಲೆ ಒಂದು ದಪ್ಪ ಮರದ ಹಿಂದೆ ಹೋದಾಗ ಹೆದೆ ಎಳೆದೆ. ಬಾಯಿಯ ಮೂಲೆಗೆ ಬೆರಳು ತಾಗಿತು. ಅದು ಮರ ದಾಟಿ ಅಡ್ಡಲಾಗಿ ನಿಂತಿತು, 12 ಗಜ. ಮುಂಗಾಲಿನ ಹಿಂದೆ ಒಂದು ಸುಳಿ ಕೂದಲು ಕಾಣುತ್ತಿತ್ತು. ಅದನ್ನೇ ನೋಡಿದೆ. ಬೇರೆ ಏನೂ ನೋಡಲಿಲ್ಲ. ಬೆನ್ನು ಬಿಗಿಯಿತು, ಬೆರಳು ಸಡಿಲಾಯಿತು. ಒದ್ದೆ ಬಟ್ಟೆ ಒಗೆಯುವ ಕಲ್ಲಿಗೆ ಬಡಿದಂಥ ಸದ್ದು.

ಫೋನಿನಲ್ಲಿ ಅರ್ಧ ಗಂಟೆ ಇಟ್ಟು ಕಾದೆ. ಪೂರ್ತಿ ಅರ್ಧ ಗಂಟೆ. ಇಳಿದಾಗ ಎಲೆಗಳ ಮೇಲೆ ಗುಲಾಬಿ ಬಣ್ಣದ, ನೊರೆಯಿದ್ದ ರಕ್ತ. ಶ್ವಾಸಕೋಶದ್ದು. ಅರವತ್ತು ಹೆಜ್ಜೆ ನಡೆದೆ, ಅಲ್ಲೇ ಮಲಗಿತ್ತು. ಪಕ್ಕದಲ್ಲಿ ಕೂತು ಅದರ ಕತ್ತಿನ ಮೇಲೆ ಕೈ ಇಟ್ಟೆ. ಇನ್ನೂ ಬಿಸಿಯಿತ್ತು. ಬಹಳ ಹೊತ್ತು ಅತ್ತೆ.

ಇಲ್ಲಿ ಮರುದಿನ ಸಂಜೆ ಐದರೊಳಗೆ ಬೇಟೆಯನ್ನು ನೋಂದಾಯಿಸಬೇಕು. ನಮ್ಮ ಭಾಗದ ಜಿಂಕೆಗಳಲ್ಲಿ ಮೆದುಳನ್ನು ಕೊರೆಯುವ ಒಂದು ರೋಗ ಇದೆ, ರಾಜ್ಯದಲ್ಲಿ 2002ರಲ್ಲಿ ಪತ್ತೆಯಾದದ್ದು. ಮಾದರಿ ಕೊಟ್ಟು, ರೋಗ ಕಾಣಲಿಲ್ಲ ಅನ್ನುವ ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರ್‌ನಲ್ಲೇ ಇತ್ತು. ಆಮೇಲೆ ಅಮ್ಮನ ಅಳತೆಯಲ್ಲಿ ಮಸಾಲೆ ಅರೆದು ಸಾರು ಮಾಡಿ, ಕಡುಬಿನ ಜೊತೆ ಅಜ್ಜನಿಗೂ ಬಡಿಸಿದೆ. ಜಿಂಕೆ ಮಾಂಸದಲ್ಲಿ ಕೊಬ್ಬು ಕಡಿಮೆ. ಸಣ್ಣ ಉರಿಯಲ್ಲಿ ಬೇಯಿಸಿ, ಕೊನೆಗೆ ಒಂದು ಚಮಚ ತುಪ್ಪ ಹಾಕಿದರೆ ಸರಿಹೋಗುತ್ತದೆ.

ಈಗ ಲೆಕ್ಕಕ್ಕೆ ಬರುತ್ತೇನೆ. ಅಮೆರಿಕದ ಕೇಂದ್ರ ಸಮೀಕ್ಷೆಯ ಪ್ರಕಾರ 2011ರಲ್ಲಿ ಒಟ್ಟು ಬೇಟೆಗಾರರು 1.37 ಕೋಟಿ. 2016ರಲ್ಲಿ 1.15 ಕೋಟಿಗೆ ಇಳಿದರು. 2022ರಲ್ಲಿ 1.44 ಕೋಟಿ. ಆದರೆ 2022ರಲ್ಲಿ ಎಣಿಸುವ ರೀತಿಯೇ ಬದಲಾಯಿತು, ಹಾಗಾಗಿ ಅದನ್ನು ಹಿಂದಿನದರ ಪಕ್ಕ ಇಟ್ಟು ಏರಿತು ಅನ್ನುವುದು ಸರಿಯಲ್ಲ. ಇನ್ನೊಂದು ಸಿಕ್ಕು ಇದೆ. ವಿಸ್ಕಾನ್ಸಿನ್‌ನಲ್ಲಿ 2014ರಿಂದ ಕ್ರಾಸ್‌ಬೋಗೂ ಎಲ್ಲರಿಗೆ ಲೈಸೆನ್ಸ್ ಸಿಗುತ್ತದೆ. ಅದು ಕೋವಿಯ ಹಾಗೆ ಹೆಗಲಿಗೆ ಆನಿಸುವ ಬಿಲ್ಲು. ಹೆದೆಯನ್ನು ಮೊದಲೇ ಎಳೆದು ಸಿಕ್ಕಿಸಿ ಇಡುತ್ತಾರೆ, ದುರ್ಬೀನಿನಲ್ಲಿ ನೋಡಿ ಟ್ರಿಗರ್ ಒತ್ತುತ್ತಾರೆ. ಈಗ ರಾಜ್ಯದಲ್ಲಿ ಕೈಬಿಲ್ಲಿಗಿಂತ ಕ್ರಾಸ್‌ಬೋಗೆ ಬೀಳುವ ಜಿಂಕೆಗಳೇ ಜಾಸ್ತಿ. ಎರಡನ್ನೂ ಸೇರಿಸಿ ‘ಬಿಲ್ಲಿನ ಬೇಟೆ ಬೆಳೆದಿದೆ’ ಅಂದರೆ ಸುಳ್ಳಲ್ಲ. ಆದರೆ ಆರು ವಾರ ಪೆಂಡಿಯ ಮುಂದೆ ನಿಲ್ಲುವವರು ಆ ಅಂಕಿಯಲ್ಲಿ ಕಾಣಿಸುವುದಿಲ್ಲ. ನಾನು ನೋಡಿದ ಮಟ್ಟಿಗೆ ಅವರು ಕಡಿಮೆಯಾಗಿದ್ದಾರೆ.

ಮೊದಮೊದಲು ಕ್ರಾಸ್‌ಬೋ ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಕಳೆದ ವರ್ಷ ಅಜ್ಜನ ಭುಜದ ಸ್ನಾಯು ಹರಿಯಿತು. ಬಿಲ್ಲು ಎಳೆಯಬಾರದು ಅಂದರು ಡಾಕ್ಟರು. ಅವರು ಕ್ರಾಸ್‌ಬೋ ಕೊಂಡು, ನೆಲದ ಮೇಲಿನ ಗುಡಾರದಲ್ಲಿ ಕೂತು, ಎಂದಿನಂತೆ ಕಾಡಿಗೆ ಬಂದರು. ಅದಿಲ್ಲದಿದ್ದರೆ ಮನೆಯಲ್ಲೇ ಇರುತ್ತಿದ್ದರು. ಹಾಗಾಗಿ ಈಗ ನಾನು ಅದರ ವಿರುದ್ಧ ಮಾತಾಡುವುದಿಲ್ಲ. ಗಟ್ಟಿ ತೋಳಿನ ಇಪ್ಪತ್ತೈದರ ಹುಡುಗರು ಅದರಿಂದಲೇ ಶುರುಮಾಡಿದಾಗ ಮಾತ್ರ, ಒಂದು ಸಲ ನಮ್ಮ ಪೆಂಡಿಯ ಹತ್ತಿರ ಬನ್ನಿ ಅಂತ ಕರೆಯುತ್ತೇನೆ. ಕೆಲವರು ಬಂದಿದ್ದಾರೆ.

ಭಾರತದಲ್ಲಿ ಗುರಿಯಾಟದ ಬಿಲ್ಲುಗಾರಿಕೆ ಬೆಳೆಯುವುದನ್ನು ಇಲ್ಲಿಂದಲೇ ನೋಡಿ ಎದೆ ತುಂಬುತ್ತದೆ. 2023ರಲ್ಲಿ ಬರ್ಲಿನ್‌ನಲ್ಲಿ 17 ವರ್ಷದ ಅದಿತಿ ಸ್ವಾಮಿ ವಿಶ್ವ ಚಾಂಪಿಯನ್ ಆದಳು. ಕೈಗಳಿಲ್ಲದ ಶೀತಲ್ ದೇವಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಾಲಿನಿಂದ ಬಿಲ್ಲು ಹಿಡಿದು ಪದಕ ಗೆದ್ದಳು. 2028ರ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯೂ ಸೇರಿದೆ. ಬೆಂಗಳೂರಿನಲ್ಲಿರುವ ಅಣ್ಣನ ಮಗಳು ತರಬೇತಿಗೆ ಸೇರಿದ್ದಾಳೆ. ಅವಳಿಗೆ ನಾನು ಹೇಳಿದ್ದು ಒಂದೇ ಮಾತು: ಹಗುರ ಬಿಲ್ಲಿನಿಂದ ಶುರುಮಾಡು.

ತೀರಿಹೋದ ತಮ್ಮ ಹೆಂಡತಿಯ ರಿಕರ್ವ್ ಬಿಲ್ಲನ್ನು ಅಜ್ಜ ಈ ವಸಂತದಲ್ಲಿ ತಂದು ನನ್ನ ಮಗಳಿಗೆ ಕೊಟ್ಟರು. ಹಿಡಿಯ ಮರ ಆಕೆಯ ಬೆವರಿಗೆ ಕಪ್ಪಾಗಿದೆ. ಮೇಲೆ 35 ಪೌಂಡ್ ಅಂತ ಬರೆದಿದೆ. ಅದು 28 ಇಂಚು ಎಳೆದಾಗಿನ ಬಲ. ಮಗಳ ಕೈಗೆ 26 ಇಂಚಷ್ಟೇ, ತಕ್ಕಡಿಗೆ ಹಾಕಿ ನೋಡಿದರೆ 31 ಬಂತು. ಬೇಟೆಯ ಕಾನೂನಿಗಿಂತ ಒಂದೇ ಪೌಂಡ್ ಜಾಸ್ತಿ. ಅವಳಿಗೀಗ 28 ಪೌಂಡ್ ಸಲೀಸು. ದಿನಾ ಸಂಜೆ ಗ್ಯಾರೇಜಿನಲ್ಲಿ ಬಾಣ ಹೂಡದೆ ಅದನ್ನು ಹತ್ತು ಸಲ ಎಳೆದು, ಹಾಗೇ ಮೆಲ್ಲಗೆ ವಾಪಸ್ ಬಿಡುತ್ತಾಳೆ. ಮೊನ್ನೆ ಬಾಯಿಯ ಮೂಲೆಗೆ ಎರಡು ಬೆರಳಿನಷ್ಟು ಬಾಕಿ ಇತ್ತು.